ಮೊದಲು ಕೋವಿ ಕೆಳಗಿಡು

ಪ್ರೀತಿಯ ಅಳಿಯಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಅಮೆರಿಕದ ಆ ಗನ್ ಶೋದಲ್ಲಿ, ಅಂದರೆ ಕೋವಿ ಮಾರುವ ಮೇಳದಲ್ಲಿ, ವ್ಯಾಪಾರಿ ನಿನ್ನನ್ನು ಹತ್ತು ಜನರೆದುರು ಗದರಿದ್ದು, "ನಿಮ್ಮ ದೇಶದಲ್ಲಿ ಇದನ್ನೆಲ್ಲ ಕಂಡಿದ್ದೀಯಾ" ಅಂದದ್ದು ಓದಿ ನೋವಾಯಿತು. ನಿದ್ದೆ ಕೆಡಿಸಿದ್ದು ಮಾತ್ರ ಅದರ ಮುಂದಿನ ಸಾಲು: "ನಾನೂ ಬಿಡಲಿಲ್ಲ ಮಾವ, ರಿವಾಲ್ವರ್ ಹಿಡಿದುಕೊಂಡೇ ತಿರುಗಿ ಬೈದೆ."

ಅದು ಖಾಲಿ ಅಂತ ನಿನಗೆ ಗೊತ್ತು, ಅವನಿಗೂ ಗೊತ್ತು. ಬೆನ್ನ ಹಿಂದೆ ನಿಂತವನಿಗೆ ಗೊತ್ತಿಲ್ಲ. ಬಾಗಿಲಲ್ಲಿರುವ ಪೊಲೀಸನಿಗೆ ಕಾಣುವುದು ಕೂಗಾಡುವ ಒಬ್ಬ ಮನುಷ್ಯ, ಅವನ ಕೈಯಲ್ಲೊಂದು ಕೋವಿ, ಅಷ್ಟೇ.

ಅವನು ಗದರಿದ್ದೇಕೆ ಅಂತಲೂ ಹೇಳುತ್ತೇನೆ. ಮಣಿಕಟ್ಟು ಝಾಡಿಸಿ ರಿವಾಲ್ವರಿನ ಸಿಲಿಂಡರ್, ಅಂದರೆ ತೋಟಾ ತುಂಬುವ ಉರುಳೆ, ಮುಚ್ಚಿದೆ ಅಂತ ನೀನೇ ಬರೆದಿದ್ದೀಯ. ಹಾಗೆ ಮುಚ್ಚಿದರೆ ಸಿಲಿಂಡರ್ ಹೊತ್ತ ಕ್ರೇನ್ ಎಂಬ ತೋಳು ಬಾಗಬಹುದು. ಆಮೇಲೆ ಗುಂಡು ನಳಿಗೆಗೆ ನೇರ ಬರದೆ ಅಂಚಿಗೆ ಉಜ್ಜಿ ಸೀಸದ ಚೂರು ಪಕ್ಕಕ್ಕೆ ಸಿಡಿಯಬಹುದು. ಇನ್ನೊಂದು ಕೈಯಿಂದ ಮೆಲ್ಲಗೆ ಒತ್ತಿ ಮುಚ್ಚಬೇಕು. ಹಳೆಯ .22 ಕೋವಿಯ ಟ್ರಿಗರನ್ನು ತೋಟಾ ಇಲ್ಲದೆ ಎಳೆಯಲೂಬಾರದು. ತೋಟಾಗೆ ಬಡಿಯಬೇಕಾದ ಪಿನ್ ನೇರ ಚೇಂಬರಿನ, ಅಂದರೆ ತೋಟಾ ಕೂರುವ ಗೂಡಿನ, ಅಂಚಿಗೇ ಬಡಿದು ಗುಳಿ ಬೀಳಿಸಬಹುದು. ನೀಲಿ ಬಣ್ಣ ಕಟ್ಟಿದ ಉಕ್ಕಿಗೆ ಕೈಬೆವರು ತಾಗಿ ಹಾಗೇ ಬಿಟ್ಟರೆ ತುಕ್ಕು. ಇದನ್ನೆಲ್ಲ ದಿನವಿಡೀ ನೋಡುವ ವ್ಯಾಪಾರಿ ಸಿಡುಕುತ್ತಾನೆ. ಅವನು ನಿನ್ನ ಊರು, ಬಣ್ಣ ಎತ್ತಿದ್ದಕ್ಕೆ ಮಾತ್ರ ಇದಾವುದೂ ಸಮಜಾಯಿಷಿ ಅಲ್ಲ.

ಆದರೂ ಉತ್ತರ ಕೊಡುವ ಮೊದಲು ಕೋವಿ ಕೆಳಗಿಡಬೇಕಿತ್ತು. ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದಂದು ತೆಂಗಿನಕಾಯಿಗೆ ಗುರಿ ಹಿಡಿಯಲು ನಿನಗೆ ಕಲಿಸಿದವನು ನಾನೇ. ಸಿಟ್ಟು ಬಂದಾಗ ಏನು ಮಾಡಬೇಕೆಂದು ಒಂದು ಮಾತೂ ಹೇಳಲಿಲ್ಲ. ಅದು ನನ್ನನ್ನು ಕೊರೆಯುತ್ತಿದೆ.

ನವೆಂಬರಿನಲ್ಲಿ ಓಕ್ಲಹೋಮಾದ ಟಲ್ಸಾ ಗನ್ ಶೋಗೆ ಹೋಗುತ್ತೇನೆ ಅಂದಿದ್ದೀಯ. ಬೇಡ ಅನ್ನಲಾರೆ. 11 ಎಕರೆಯಷ್ಟು ಜಾಗದಲ್ಲಿ ಸಾವಿರಾರು ಟೇಬಲ್ ಇರುತ್ತವೆ, ಒಬ್ಬ ಒರಟನಿಗೆ ಅಂಟಿಕೊಳ್ಳುವ ಅಗತ್ಯವೇ ಇಲ್ಲ. ಮುಟ್ಟುವ ಮೊದಲು ಕೇಳು. ಅರೆಸ್ವಯಂಚಾಲಿತ ಪಿಸ್ತೂಲಾದರೆ ಮೊದಲು ತೋಟಾ ತುಂಬುವ ಮ್ಯಾಗಜಿನ್ ತೆಗೆ, ಆಮೇಲೆ ಮೇಲ್ಭಾಗದ ಜಾರುವ ಸ್ಲೈಡ್ ಎಳೆ. ಅದಲುಬದಲಾದರೆ ಸ್ಲೈಡ್ ಮುಂದೆ ಹೋಗುವಾಗ ಮ್ಯಾಗಜಿನ್ನಿನ ಇನ್ನೊಂದು ತೋಟಾ ಒಳಗೇರುತ್ತದೆ. ಚೇಂಬರನ್ನು ಕಣ್ಣಿಂದ ನೋಡು, ಕಿರುಬೆರಳಿಂದ ಮುಟ್ಟಿ ನೋಡು. ತೆರೆದ ಸ್ಥಿತಿಯಲ್ಲೇ ಹಿಂದಿರುಗಿಸು.

ಇನ್ನೊಂದು ವಿಷಯ, ಅದನ್ನು ಅವಮಾನ ಅಂದುಕೊಳ್ಳಬೇಡ. ನಿನ್ನದು ಟೆಕ್ಸಾಸ್ ವಿಳಾಸ. ಓಕ್ಲಹೋಮಾದಲ್ಲಿ ಪಿಸ್ತೂಲು, ರಿವಾಲ್ವರ್ ಕೊಂಡರೆ ಅಲ್ಲೇ ಕೈಗೆ ಕೊಡುವಂತಿಲ್ಲ. ಟೆಕ್ಸಾಸಿನ ಲೈಸೆನ್ಸ್ ಇರುವ ಡೀಲರಿಗೆ ಕಳಿಸಬೇಕು, ಅಲ್ಲಿ ಕೋವಿ ಕೊಳ್ಳುವವರು ತುಂಬಬೇಕಾದ ಫೆಡರಲ್ 4473 ಫಾರ್ಮ್ ತುಂಬಿ ತಪಾಸಣೆ ಮುಗಿಸಿ ನೀನು ತೆಗೆದುಕೊಳ್ಳಬೇಕು. ಗ್ರೀನ್ ಕಾರ್ಡಿನ ನಂಬರೂ ಆ ಫಾರ್ಮಿಗೆ ಬೇಕೇ ಬೇಕು. "ಯಾರಿಗಾಗಿ ಕೊಳ್ಳುತ್ತೀಯ" ಅಂತ ಡೀಲರ್ ಚುಚ್ಚಿ ಕೇಳಿದರೆ ಅದು ಅವನ ಕರ್ತವ್ಯ. ಎಚ್-1ಬಿ ಕೆಲಸದ ವೀಸಾದಲ್ಲಿರುವ ನಿನ್ನ ಗೆಳೆಯ ದುಡ್ಡು ಕೊಟ್ಟು "ನಿನ್ನ ಹೆಸರಲ್ಲಿ ತಂದುಕೊಡು" ಅಂದರೆ ಒಪ್ಪಲೇಬೇಡ, ಅದು ಫೆಡರಲ್ ಅಪರಾಧ.

ಮತ್ತೆ ಯಾರಾದರೂ ಹಾಗೆ ಬೈದರೆ, ಕೋವಿಯನ್ನು ಟೇಬಲ್ಲಿನ ಮೇಲಿಡು, ಎರಡೂ ಕೈ ಹಿಂದಕ್ಕೆ ತಗೋ. ಟೇಬಲ್ ನಂಬರ್ ನೋಡಿಕೊಂಡು ಶೋ ನಡೆಸುವವರ ಕಚೇರಿಗೆ ಹೋಗಿ ಹೇಳು. ಚೌಕಾಸಿ ಮಾಡಬೇಕಿದ್ದರೆ ಭಾನುವಾರ ಮಧ್ಯಾಹ್ನ ಹೋಗು. ವ್ಯಾಪಾರಿಗಳು ಗಂಟು ಕಟ್ಟಿ ಮನೆಗೆ ಹೊರಡುವ ಹೊತ್ತಿಗೆ ಬೆಲೆಯೂ ದನಿಯೂ ಇಳಿದಿರುತ್ತದೆ. ಬೈದವನ ಹತ್ತಿರ ಮಾತ್ರ ಕೊಳ್ಳಬೇಡ, ಎಷ್ಟೇ ಅಗ್ಗವಾದರೂ.

ಬಹಳ ಬರೆದೆನೇನೋ. ಒಂದನ್ನು ಮಾತ್ರ ನೀನು ಬರೆದಿಲ್ಲ. ಬೈಯುವಾಗ ನಿನ್ನ ಬೆರಳು ಟ್ರಿಗರ್ ಗಾರ್ಡಿನ ಹೊರಗಿತ್ತೇ? ಇದೊಂದನ್ನು ತಿಳಿಸು, ಫೋನಿನಲ್ಲಾದರೂ ಸರಿ.

ಇತಿ ನಿನ್ನ ಮಾವ