ಮೊದಲ ಎರಡು ಲ್ಯಾಪ್ ಕಣ್ಣಿಗೆ ಕೆಲಸ ಕೊಡು

ವಿಜಯಪುರ

ಚಿರಂಜೀವಿ ಸೊಸೆಗೆ ನಿನ್ನ ಅತ್ತೆಯ ಆಶೀರ್ವಾದಗಳು.

ದೆಹಲಿಯ ವೆಲೋಡ್ರೋಮ್‌ನಲ್ಲಿ, ಅಂದರೆ ಸೈಕಲ್ ಓಟದ ಟ್ರ್ಯಾಕ್‌ನಲ್ಲಿ, ಸ್ಪ್ರಿಂಟ್ ಓಡಿಸಲು ನಿನಗೆ ಕರೆ ಬಂದಿದೆ ಎಂದು ನಿಮ್ಮಪ್ಪ, ನನ್ನ ಅಣ್ಣ, ಫೋನ್ ಮಾಡಿದ್ದ. ಕೇಳಿ ಬಹಳ ಖುಷಿ ಆಯ್ತು. ಫೋನಿನಲ್ಲಿ ಎಲ್ಲ ಹೇಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಬೆಳೆದಿದ್ದು ನಮ್ಮ ಸೋಲಾಪುರ ರಸ್ತೆಯ ಮೇಲೆ. ನೆರಳಿಲ್ಲದ ಬಯಲು, ಎದುರುಗಾಳಿ, ತಲೆ ತಗ್ಗಿಸಿ ಒಂದೇ ಸಮ ತುಳಿಯುವುದು. ನಿನ್ನ ಕಾಲಿನ ಬಗ್ಗೆ ನನಗೆ ಚಿಂತೆ ಇಲ್ಲ. ಚಿಂತೆ ಇರುವುದು ಆ ತಗ್ಗಿಸಿದ ತಲೆಯ ಬಗ್ಗೆ. ಒಬ್ಬಳೇ ಓಡಿಸುವ ಟೈಮ್ ಟ್ರಯಲ್‌ನಲ್ಲಿ ಗಡಿಯಾರ ಗೆದ್ದರೆ ಸಾಕು. ಸ್ಪ್ರಿಂಟ್‌ನಲ್ಲಿ ಪಕ್ಕದಲ್ಲಿ ಒಬ್ಬಳು ಇರುತ್ತಾಳೆ, ನಿನ್ನನ್ನೇ ನೋಡುತ್ತಿರುತ್ತಾಳೆ.

ಮೊದಲು ಅರ್ಹತೆಗೆ 200 ಮೀಟರ್ ಫ್ಲೈಯಿಂಗ್ ಇರುತ್ತದೆ, ವೇಗದಲ್ಲಿ ಬಂದ ಮೇಲೆಯೇ ಗಡಿಯಾರ ಶುರುವಾಗುತ್ತದೆ. ಅಲ್ಲಿ ಒಬ್ಬಳೇ. ಬ್ಯಾಂಕಿಂಗ್‌ನ, ಅಂದರೆ ವಾಲಿದ ತಿರುವಿನ, ಮೇಲೆ ಹತ್ತಿ, ಇಳಿಜಾರಿನ ವೇಗ ತಗೊಂಡು ಇದ್ದ ಶಕ್ತಿ ಎಲ್ಲ ಹಾಕು. ಅದು ನಿನಗೆ ಬರುತ್ತದೆ. ಆಮೇಲೆ ಇಬ್ಬಿಬ್ಬರ ಓಟ ಶುರುವಾದ ಮೇಲೆ ಕಾರಹುಣ್ಣಿಮೆಗೆ ಕರಿ ಹರಿಯುವ ಎತ್ತಿನ ಹಾಗೆ ಬಿಟ್ಟ ಕೂಡಲೇ ನುಗ್ಗಬೇಡ. 250 ಮೀಟರ್ ಟ್ರ್ಯಾಕ್‌ನಲ್ಲಿ ಮೂರು ಲ್ಯಾಪ್ ಇರುತ್ತವೆ. ಕೊನೆಯ ಲ್ಯಾಪ್ ಮಾತ್ರ ಕಾಲಿನದು, ಮೊದಲ ಎರಡು ಕಣ್ಣಿನವು.

2024ರ ಪ್ಯಾರಿಸ್ ಒಲಿಂಪಿಕ್ಸ್ ನೆನಪು ಮಾಡಿಕೋ. ಅರ್ಹತಾ ಸುತ್ತಿನಲ್ಲಿ ಜರ್ಮನಿಯ ಲೇಯಾ ಫ್ರೀಡ್ರಿಕ್ 200 ಮೀಟರನ್ನು 10.029 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದಳು. ಆದರೆ ಫೈನಲ್‌ನಲ್ಲಿ ಅವಳನ್ನು ಸೋಲಿಸಿ ಚಿನ್ನ ಗೆದ್ದಿದ್ದು ನ್ಯೂಜಿಲೆಂಡಿನ ಎಲೆಸ್ ಆಂಡ್ರೂಸ್. ಎಲ್ಲರಿಗಿಂತ ಜೋರಾಗಿ ಓಡಿಸಿದವಳೇ ಗೆಲ್ಲುತ್ತಾಳೆ ಅಂತ ಇಲ್ಲ. ನಿನ್ನ ಟೈಮ್ ಕಡಿಮೆ ಬಿದ್ದರೂ ಹೆದರಬೇಡ ಅಂತ ಇದನ್ನು ಹೇಳುತ್ತಿದ್ದೇನೆ.

ಚೀಟಿಯಲ್ಲಿ ಒಳಗಿನ ಜಾಗ ಬಂದರೆ, ಹಿಂದಿನವಳು ದಾಟಿ ಹೋಗದಿದ್ದರೆ, ಮೊದಲ ಅರ್ಧ ಲ್ಯಾಪ್ ನೀನೇ ಮುಂದೆ ಹೋಗಬೇಕು. ಆಗ ಕತ್ತು ಹೊರಳಿಸಿ ಹಿಂದೆ ನೋಡುತ್ತಲೇ ಇರು. ಸುಮ್ನೆ ಇಲ್ಲೇ ನಿಂತಲ್ಲೇ ಸೈಕಲ್ ತುಳಿಯುವ ರೋಲರ್ ಮೇಲೆ ಅಭ್ಯಾಸ ಮಾಡು, ಭುಜದ ಮೇಲಿಂದ ನೋಡುವಾಗ ಹ್ಯಾಂಡಲ್ ಅಲುಗಬಾರದು. ಅವಳು ನಿನ್ನನ್ನು ಮುಂದೆಯೇ ಇಡಲು ನೋಡುತ್ತಾಳೆ. ಯಾಕೆ ಅಂತ ನಿನಗೆ ಗೊತ್ತು, ಎದುರುಗಾಳಿಯಲ್ಲಿ ಇನ್ನೊಬ್ಬರ ಚಕ್ರ ಹಿಡಿದು ಹೋದವಳು ನೀನು. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಛಾವಣಿಯ ಕೆಳಗೆ ಗಾಳಿ ಬೀಸದಿದ್ದರೂ ಈ ಲೆಕ್ಕ ತಪ್ಪುವುದಿಲ್ಲ. ಆ ತಡೆ ಹೆಚ್ಚಾಗಿ ಮುಂದಿನವಳ ಮೈಗೇ ಬೀಳುತ್ತದೆ, ಹಿಂದಿನವಳು ಉಳಿಸಿಕೊಂಡ ಶಕ್ತಿಯನ್ನು ಕೊನೆಯ ತಿರುವಿನಲ್ಲಿ ನಿನ್ನ ಮೇಲೆ ಖರ್ಚು ಮಾಡುತ್ತಾಳೆ.

ಹಾಗಂತ ಮುಂದೆ ಇರುವುದು ಬರೀ ನಷ್ಟ ಅಲ್ಲ. ಕೊನೆಯ 200 ಮೀಟರ್‌ನಲ್ಲಿ ನೀನು ಟ್ರ್ಯಾಕ್‌ನ ಒಳಬದಿಯ ಕಪ್ಪು ಗೆರೆ ಮತ್ತು ಕೆಂಪು ಗೆರೆಯ ನಡುವೆ ಇದ್ದರೆ ಅವಳು ಒಳಗಿಂದ ನುಗ್ಗುವಂತಿಲ್ಲ. ಹೊರಗಿಂದಲೇ ಸುತ್ತು ಹಾಕಿ ಬರಬೇಕು, ದೂರ ಜಾಸ್ತಿ. ಈ ನಿಯಮ ನನಗೆ ತುಂಬಾ ಇಷ್ಟ, ಮುಂದೆ ಸಿಕ್ಕಿಬಿದ್ದವಳಿಗೂ ಒಂದು ಬಾಗಿಲು ತೆರೆದಿಡುತ್ತದೆ. ಆದರೆ ಅವಳು ಬರುತ್ತಿದ್ದಾಳೆ ಅಂತ ಗೆರೆ ಬಿಟ್ಟು ಅಡ್ಡ ಹೋಗಬೇಡ. ಗೆದ್ದರೂ ರೆಫರಿ ಕಿತ್ತುಕೊಳ್ಳುತ್ತಾರೆ.

ಹಿಂದೆ ಇದ್ದಾಗ ಎತ್ತರ ಹಿಡಿದುಕೋ. ಮೇಲಿನಿಂದ ಇಳಿಯುವವಳಿಗೆ ಇಳಿಜಾರೇ ಅರ್ಧ ಕೆಲಸ ಮಾಡಿಕೊಡುತ್ತದೆ. ತಿರುವು 40 ಡಿಗ್ರಿಗಿಂತ ಜಾಸ್ತಿ ವಾಲಿರುತ್ತದೆ. ಅಲ್ಲಿ ತೀರಾ ನಿಧಾನ ಆದರೆ ಟೈರ್ ಜಾರುತ್ತದೆ, ಬಿದ್ದರೆ ಮರದ ಸಿಬಿರು ಮೈಗೆ ಚುಚ್ಚುತ್ತದೆ. ಅದಕ್ಕೇ ಎರಡು ದಿನ ಮುಂಚೆ ಹೋಗಿ ಟ್ರ್ಯಾಕ್‌ಗೆ ಕಾಲು ಹೊಂದಿಸಿಕೋ ಎಂದು ಕೋಚ್‌ಗೂ ಹೇಳಿದ್ದೇನೆ. ಫಿಕ್ಸ್ ಗೇರ್ ಸೈಕಲ್‌ಗೆ ಬ್ರೇಕ್ ಇರುವುದಿಲ್ಲ, ಚಕ್ರ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರುತ್ತದೆ, ಗಾಬರಿಯಲ್ಲೂ ಪೆಡಲ್ ನಿಲ್ಲಿಸಬೇಡ.

ಅಲ್ಲಿ ಯಾರೋ ಹೇಳಿದರು ಅಂತ ಕೊನೆ ಗಳಿಗೆಯಲ್ಲಿ ಗೇರ್ ಬದಲಿಸಬೇಡ. ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ಬಹಳ ಹೊತ್ತು ಕಾಯಬೇಕಾಗುತ್ತದೆ, ಮೈ ತಣ್ಣಗಾಗಲು ಬಿಡಬೇಡ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಡುತ್ತೇನೆ, ಹೊಟ್ಟೆಗೆ ಹೊಸದು ಯಾವುದೂ ಬೇಡ.

ಇನ್ನೊಂದು ಮಾತು, ಇದನ್ನು ಮನಸ್ಸಿಟ್ಟು ಓದು. ಸೈಕಲ್‌ಗೆ ನಿಮ್ಮಪ್ಪ ಹಾಕಿದ ದುಡ್ಡನ್ನು ತಲೆಯಲ್ಲಿ ಹೊತ್ತುಕೊಂಡು ಟ್ರ್ಯಾಕ್‌ಗೆ ಇಳಿಯಬೇಡ. ನಾನು ಅಣ್ಣನನ್ನು ಕೇಳಿದ್ದೇನೆ, ಅವನು ಮೆಡಲ್ ಲೆಕ್ಕ ಹಾಕುತ್ತಾ ಕೂತಿಲ್ಲ. ಇದು ಕರೆದು ಆಡಿಸುವ ಪಂದ್ಯ. ನಿನಗಿಂತ ಅನುಭವ ಇರುವವರ ಪಕ್ಕ ಓಡಿಸಲು ಸಿಗುವುದೇ ಇಲ್ಲಿಯ ಲಾಭ. ಮೂರರಲ್ಲಿ ಎರಡು ಗೆಲ್ಲಬೇಕಾದ ಸುತ್ತಿನಲ್ಲಿ ಮೊದಲನೆಯದು ಸೋತರೆ ಅಳುತ್ತಾ ಕೂರಬೇಡ. ಅವಳು ಎಲ್ಲಿ ವೇಗ ಹಾಕಿ ಜಿಗಿದಳು, ಯಾವ ಭುಜದ ಕಡೆ ನೋಡಲಿಲ್ಲ ಎಂದು ನೋಡಿಟ್ಟುಕೋ. ಎರಡನೆಯದರಲ್ಲಿ ಜಾಗ ಅದಲುಬದಲಾಗುತ್ತದೆ.

ಹೊರಗೆ ಬಿದ್ದರೂ ರೂಮಿಗೆ ಹೋಗಿ ಮಲಗಬೇಡ. ಫೈನಲ್ ಮುಗಿಯುವವರೆಗೂ ಕೂತು ನೋಡು. ಯಾರು ಮುಂದೆ ಇದ್ದರು, ಎಲ್ಲಿಂದ ಜಿಗಿದರು ಎಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡು ಬಾ. ರಾತ್ರಿ ಎಷ್ಟೇ ಹೊತ್ತಾದರೂ ಫೋನ್ ಮಾಡು, ಎಚ್ಚರ ಇರುತ್ತೇನೆ.

ನಿನ್ನ ಅತ್ತೆ