ಟೈಟ್ ಎಂಡ್ ಆಟಗಾರನನ್ನು ಮರೆತ ಕ್ರೀಡಾಪುಟ

ಮಾನ್ಯ ಸಂಪಾದಕರೇ,

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಅಮೆರಿಕನ್ ಫುಟ್‌ಬಾಲ್‌ನ ಕಿರು ರೂಪವಾದ ಫ್ಲ್ಯಾಗ್ ಫುಟ್‌ಬಾಲ್ ಸೇರಿದ ಸಂದರ್ಭದಲ್ಲಿ ತಮ್ಮ ಪತ್ರಿಕೆ ಅಮೆರಿಕನ್ ಫುಟ್‌ಬಾಲ್ ಕುರಿತು, ಅದರಲ್ಲೂ ಅಲ್ಲಿನ ಕಾಲೇಜು ತಂಡಗಳ ಕುರಿತು ಅರ್ಧ ಪುಟದ ಲೇಖನ ಪ್ರಕಟಿಸಿದ್ದಕ್ಕೆ ಧನ್ಯವಾದ. ಆದರೆ ಅದನ್ನು ಓದಿದವರಿಗೆ ಆ ಆಟವೆಂದರೆ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರ ಚೆಂಡು ಎಸೆಯುವುದು, ಅಂಚಿನಲ್ಲಿ ಓಡುವ ಹುಡುಗ ಹಿಡಿಯುವುದು, ಇಷ್ಟೇ ಎನ್ನಿಸುತ್ತದೆ. ಟೈಟ್ ಎಂಡ್ ಎಂಬ ಆಟಗಾರನ ಪ್ರಸ್ತಾಪವೇ ಇಲ್ಲ. ತುಮಕೂರಿನಲ್ಲಿ ಹೆಣ್ಣುಮಕ್ಕಳಿಗೆ ಕಬಡ್ಡಿ ಕಲಿಸುತ್ತ ಬಂದವಳಾಗಿ ಇದನ್ನು ಓದಿ ಸುಮ್ಮನಿರಲು ನನ್ನಿಂದಾಗಲಿಲ್ಲ.

ನನ್ನ ತಂಗಿಯ ಮಗ ಅಮೆರಿಕದ ಅಯೋವಾ ಸಿಟಿಯಲ್ಲಿ ಓದುತ್ತಿದ್ದಾನೆ. ಅಲ್ಲಿನ ವಿಶ್ವವಿದ್ಯಾಲಯದ ತಂಡ ಶನಿವಾರ ಬೆಳಗಿನ ಹೊತ್ತು ಆಡಿದರೆ ನಮಗಿಲ್ಲಿ ರಾತ್ರಿ ಊಟ ಮುಗಿಸಿ ನೋಡುವುದಕ್ಕೆ ಸರಿಹೋಗುತ್ತದೆ. ನಿಯಮಗಳನ್ನು ಅವನೇ ಫೋನಿನಲ್ಲಿ ಬಿಡಿಸಿ ಹೇಳಿದ. ಮೈದಾನದಲ್ಲಿ ತಂಡಕ್ಕೆ ಹನ್ನೊಂದು ಜನ. ನಡುವೆ ಸಾಲಾಗಿ ನಿಲ್ಲುವ ಐದು ಮಂದಿ ಭಾರಿ ಆಳುಗಳು 50ರಿಂದ 79ರೊಳಗಿನ ಸಂಖ್ಯೆಯ ಅಂಗಿ ತೊಟ್ಟಿರುತ್ತಾರೆ. ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವ ಹಕ್ಕು ಅವರಿಗಿಲ್ಲ. ಅವರ ಪಕ್ಕದಲ್ಲೇ, ಸಾಲಿನ ತುದಿಯಲ್ಲಿ ನಿಲ್ಲುವವನು ಟೈಟ್ ಎಂಡ್. ಅವರಂತೆ ಎದುರಾಳಿಯನ್ನು ತಡೆಯಬೇಕು, ತುದಿಯಲ್ಲಿರುವುದರಿಂದ ಚೆಂಡನ್ನೂ ಹಿಡಿಯಬಹುದು. ಅದೇ ಬದಿಯಲ್ಲಿ ಅವನಾಚೆ ಇನ್ನೊಬ್ಬ ಆಟಗಾರ ಸಾಲಿಗೆ ಬಂದು ನಿಂತನೋ, ಆ ಹಕ್ಕು ಹೋಯಿತು.

ನನ್ನ ಕಣ್ಣು ಅಭ್ಯಾಸಬಲದಿಂದ ಆಟಗಾರರ ಕಾಲಿನ ಮೇಲೆಯೇ ಇರುತ್ತದೆ. ಸಾಲಿನ ನಡುವಿನವನು ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವ ಮುನ್ನ ಟೈಟ್ ಎಂಡ್ ಒಂದು ಕೈಯನ್ನು ನೆಲಕ್ಕೂರಿ ಬಾಗಿರುತ್ತಾನೆ. ಮೊದಲ ಹೆಜ್ಜೆ ತೀರಾ ಗಿಡ್ಡದು, ಅರ್ಧ ಅಡಿಯೂ ಇರಲಾರದು. ಸೊಂಟ ಎದುರಾಳಿಯ ಸೊಂಟಕ್ಕಿಂತ ಕೆಳಗೆ, ಮೊಣಕೈ ಮೈಗೆ ಹತ್ತಿ, ಎರಡೂ ಅಂಗೈ ನೇರ ಅವನ ಎದೆಗೆ. ಕೈ ಹೊರಗೆ ಹೋಗಿ ಅಂಗಿ ಹಿಡಿದೆಳೆದರೆ ತಂಡಕ್ಕೆ ಹತ್ತು ಗಜದ ದಂಡ. ಹೀಗೆ ನಾಲ್ಕಾರು ಸಲ ತಳ್ಳಿ ಚೆಂಡು ಹೊತ್ತವನಿಗೆ ಜಾಗ ಮಾಡಿಕೊಡುತ್ತಾನೆ. ಮುಂದಿನ ಸಲವೂ ಅದೇ ಗಿಡ್ಡ ಹೆಜ್ಜೆ, ಅದೇ ತಗ್ಗಿದ ತಲೆ. ಎದುರಾಳಿ ಸಾಲಿನ ಹಿಂದೆ ಕಾಯುವ ಲೈನ್‌ಬ್ಯಾಕರ್, ಮತ್ತೆ ಚೆಂಡು ಹೊತ್ತು ಓಡುವ ಓಟದ ಆಟವೇ ಎಂದುಕೊಂಡು ಮುಂದೆ ನುಗ್ಗುತ್ತಾನೆ. ಅಷ್ಟರಲ್ಲಿ ಟೈಟ್ ಎಂಡ್ ಕೈಸಡಿಲಿಸಿ, ಅವನ ಬೆನ್ನ ಹಿಂದೆ ಖಾಲಿಯಾದ ಜಾಗಕ್ಕೆ ಜಾರಿಕೊಂಡಿರುತ್ತಾನೆ. ಚೆಂಡು ಅಲ್ಲಿಗೇ ಬರುತ್ತದೆ. ಮರುದಿನದ ವರದಿಯಲ್ಲಿ ಬರುವುದು ಈ ಕೊನೆಯ ಒಂದು ಹಿಡಿತ ಮಾತ್ರ. ಅದಕ್ಕೆ ಮುನ್ನ ಪ್ರಾಮಾಣಿಕವಾಗಿ ತಳ್ಳಿರದಿದ್ದರೆ ಲೈನ್‌ಬ್ಯಾಕರ್ ಮೋಸಹೋಗುತ್ತಲೇ ಇರಲಿಲ್ಲ.

ಎದುರಾಳಿ ತಂಡದ ತರಬೇತುದಾರರಿಗೆ ಇವನು ಕೊಡುವ ತಲೆನೋವು ಇನ್ನೂ ದೊಡ್ಡದು. ಲೈನ್‌ಬ್ಯಾಕರ್‌ಗಳನ್ನು ಹೆಚ್ಚು ಇಳಿಸಿದರೆ ಇವನು ಅವರನ್ನು ಹಿಂದಿಕ್ಕಿ ಓಡುತ್ತಾನೆ. ಹಗುರ ಮೈಯ ಚುರುಕು ಹುಡುಗರನ್ನು ಇಳಿಸಿದರೆ ಅವರನ್ನು ತಳ್ಳಿಕೊಂಡೇ ಹೋಗುತ್ತಾನೆ. ಚೆಂಡು ಕೈಯಲ್ಲಿರುವ ತಂಡ ಆಟಗಾರರನ್ನು ಬದಲಿಸಿದಾಗ ಎದುರಿನವರಿಗೂ ಬದಲಿಸಲು ಸಮಯ ಸಿಗುತ್ತದೆ. ಬದಲಿಸದೆ ಬಿರುಸಾಗಿ ಆಡುತ್ತಾ ಹೋದರೆ ಸಿಗುವುದಿಲ್ಲ. ಅದೇ ಹನ್ನೊಂದು ಜನ ಒಮ್ಮೆ ಒತ್ತಾಗಿ ನಿಂತು ಓಟದ ಆಟ ಆಡಬಹುದು, ಮರುಕ್ಷಣ ಟೈಟ್ ಎಂಡ್‌ನನ್ನು ದೂರ ನಿಲ್ಲಿಸಿ ಎಸೆತದ ಆಟ ಆಡಬಹುದು. ಇಂಥ ಅನುಕೂಲ ಮಾಡಿಕೊಡುವ ಒಬ್ಬನೇ ಆಟಗಾರನ ಬಗ್ಗೆ ಲೇಖನ ಮೌನವಾಗಿದ್ದುದು ನನಗೆ ನಿಜಕ್ಕೂ ಬೇಸರ ತಂದಿತು.

ಕಾಲೇಜು ಮಟ್ಟದಲ್ಲಿ ಇಂಥವನನ್ನು ತಯಾರು ಮಾಡುವುದು ಸುಲಭವಲ್ಲ. ಋತುವಿನಲ್ಲಿ ತರಬೇತಿಗೆ ವಾರಕ್ಕೆ 20 ಗಂಟೆಗಳ ಮಿತಿಯಿದೆ. ಅಷ್ಟರಲ್ಲೇ ಸಾಲಿನವರ ತಡೆಯನ್ನೂ ಅಂಚಿನಲ್ಲಿ ಓಡಿ ಚೆಂಡು ಹಿಡಿಯುವವರ ದಾರಿಗಳನ್ನೂ ಒಬ್ಬನೇ ಕಲಿಯಬೇಕು. ಹಾಗಾಗಿ ಟೈಟ್ ಎಂಡ್‌ನನ್ನು ಹೊರಗಿಟ್ಟು ಓಡಿ ಚೆಂಡು ಹಿಡಿಯುವ ನಾಲ್ವರನ್ನು ನಿಲ್ಲಿಸುವ ತರಬೇತುದಾರರೂ ಉಂಟು. ಅಯೋವಾ ಆ ಹಾದಿ ಹಿಡಿಯಲಿಲ್ಲ. 1999ರಿಂದ ಕರ್ಕ್ ಫೆರೆಂಟ್ಜ್ ಅವರ ಕೈಕೆಳಗೆ ಆಡುತ್ತಿರುವ ಆ ತಂಡದ ಇಬ್ಬರು ಟೈಟ್ ಎಂಡ್‌ಗಳು, ಟಿ.ಜೆ. ಹಾಕೆನ್ಸನ್ ಮತ್ತು ನೋವಾ ಫ್ಯಾಂಟ್, 2019ರಲ್ಲಿ ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಆಯ್ಕೆಯ ಮೊದಲ ಸುತ್ತಿನಲ್ಲೇ ಆರಿಸಲ್ಪಟ್ಟರು.

ಅದೇ ಕಾಲೇಜಿನ ಜಾರ್ಜ್ ಕಿಟಲ್ ಅವರ ಲೆಕ್ಕ ನೋಡಿ. ಅಲ್ಲಿ ಆಡಿದಷ್ಟೂ ಕಾಲ ಹಿಡಿದದ್ದು 48 ಚೆಂಡು. 2017ರ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಐದನೇ ಸುತ್ತಿನವರೆಗೆ ಯಾವ ತಂಡವೂ ಅವರನ್ನು ಕರೆಯಲಿಲ್ಲ. ಮರುವರ್ಷವೇ ಚೆಂಡು ಹಿಡಿದು 1,377 ಗಜ ಮುನ್ನಡೆ ಗಳಿಸಿ, ಒಂದೇ ಋತುವಿನಲ್ಲಿ ಟೈಟ್ ಎಂಡ್ ಒಬ್ಬರು ಗಳಿಸಿದ ಅಂದಿನ ಎನ್‌ಎಫ್‌ಎಲ್ ದಾಖಲೆ ಬರೆದರು. ತಡೆದದ್ದು, ತಳ್ಳಿದ್ದು, ಇನ್ನೊಬ್ಬರಿಗೆ ದಾರಿ ಬಿಡಿಸಿದ್ದು ಅಂಕಿಅಂಶದ ಪಟ್ಟಿಗೆ ಬರುವುದೇ ಇಲ್ಲ. ಪಟ್ಟಿಯನ್ನಷ್ಟೇ ನೋಡಿದವರಿಗೆ ಕಿಟಲ್ ಸಾಧಾರಣ ಆಟಗಾರರಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ನಮ್ಮ ಕಬಡ್ಡಿಯಲ್ಲೂ ಇದೇ ಕಥೆ. ಮಧುಗಿರಿ, ಕೊರಟಗೆರೆ, ಶಿರಾ ಕಡೆಯಿಂದ ಬರುವ ಹುಡುಗಿಯರಲ್ಲಿ ಕಾರ್ನರ್‌ನವಳು ರೈಡರ್‌ನ ಪಾದ ಹಿಡಿಯುತ್ತಾಳೆ, ಆದರೆ ಕವರ್‌ನಲ್ಲಿರುವವಳು ಮೈಯೊಡ್ಡಿ ನಿಲ್ಲದಿದ್ದರೆ ರೈಡರ್ ಗೆರೆ ಮುಟ್ಟಿಯೇ ಬಿಡುತ್ತಾಳೆ. ಜಿಲ್ಲಾ ಮಟ್ಟದ ಪಂದ್ಯಗಳ ವರದಿಯಲ್ಲಿ ಕವರ್ ಹುಡುಗಿಯ ಹೆಸರನ್ನು ನಾನು ಕಂಡದ್ದೇ ಅಪರೂಪ. ಅವಳ ತಂದೆತಾಯಿಯೂ ಆ ಪತ್ರಿಕೆಯನ್ನು ಕೊಂಡು ಓದುತ್ತಾರೆ.

ಇನ್ನು ಒಲಿಂಪಿಕ್ಸ್‌ನ ಫ್ಲ್ಯಾಗ್ ಫುಟ್‌ಬಾಲ್‌ನಲ್ಲಿ ತಂಡಕ್ಕೆ ಐವರೇ. ಮೈಯೊಡ್ಡಿ ತಡೆಯುವುದಕ್ಕೆ ಅನುಮತಿಯಿಲ್ಲ, ಹಾಗಾಗಿ ಟೈಟ್ ಎಂಡ್‌ನ ಅರ್ಧ ಕೆಲಸವೇ ಅಲ್ಲಿಲ್ಲ. ನಮ್ಮ ಮಕ್ಕಳು ಆ ಆಟವನ್ನು ಕಲಿಯಲಿ, ನನಗೂ ಇಷ್ಟವೇ. ಆದರೆ ಅದನ್ನು ನೋಡಿ ಮೂಲ ಆಟವೂ ಹೀಗೆಯೇ ಎಂದು ತಿಳಿಯುವಂತಾಗಬಾರದು.

ಬರೆಯಲು ಸರಕು ಬೇಕಿದ್ದರೆ ಪೆನ್ ಸ್ಟೇಟ್ ಕಾಲೇಜು ತಂಡದಲ್ಲಿ ಆಡಿದ್ದ ಟೈಲರ್ ವಾರನ್ ಇದ್ದಾರೆ. 2024ರ ಅಕ್ಟೋಬರ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿರುದ್ಧ ಒಂದೇ ಪಂದ್ಯದಲ್ಲಿ 17 ಚೆಂಡು ಹಿಡಿದು 224 ಗಜ ಗಳಿಸಿದರು. ಅದರಲ್ಲೊಂದು ಸಲ ಸಾಲಿನ ನಡುವಿನ ಸೆಂಟರ್ ಜಾಗದಲ್ಲಿ ನಿಂತು, ಚೆಂಡನ್ನು ತಾವೇ ಹಿಂದಕ್ಕೆ ಕೊಟ್ಟು, ಮುಂದೆ ಓಡಿಹೋಗಿ 32 ಗಜದ ಎಸೆತ ಹಿಡಿದು ಟಚ್‌ಡೌನ್ ಮಾಡಿದರು, ಅಂದರೆ ಕೊನೆಯ ಗೆರೆ ದಾಟಿಸಿ ಅಂಕ ತಂದರು! ಕಾಲೇಜು ಮಟ್ಟದ ಅತ್ಯುತ್ತಮ ಟೈಟ್ ಎಂಡ್‌ಗೆ 2000ದಿಂದ ಕೊಡುತ್ತಿರುವ ಜಾನ್ ಮ್ಯಾಕಿ ಪ್ರಶಸ್ತಿ ಆ ವರ್ಷ ಅವರಿಗೇ ಬಂತು.

ಜನವರಿಯಲ್ಲಿ ಕಾಲೇಜು ಪ್ಲೇಆಫ್ ಫೈನಲ್ ನಡೆಯುತ್ತದೆ. ಅದರ ವರದಿಯ ಜೊತೆ, ಒಂದು ಟಚ್‌ಡೌನ್‌ನಲ್ಲಿ ಟೈಟ್ ಎಂಡ್ ಎಲ್ಲಿ ನಿಂತಿದ್ದ, ಯಾರನ್ನು ತಡೆದ, ಆಮೇಲೆ ಎತ್ತ ಓಡಿದ ಎಂಬುದನ್ನು ತೋರಿಸುವ ಸಣ್ಣ ರೇಖಾಚಿತ್ರವನ್ನು ಪ್ರಕಟಿಸಿ ಎಂದು ಕೋರುತ್ತೇನೆ. ಜಾಗ ಸಾಲದಿದ್ದರೆ ಕಪ್ ಎತ್ತಿ ಹಿಡಿದವರ ಚಿತ್ರವನ್ನು ಒಂದು ಕಾಲಂ ಚಿಕ್ಕದು ಮಾಡಬಹುದು.

— ಕಬಡ್ಡಿ ತರಬೇತುದಾರ್ತಿ, ತುಮಕೂರು