ಹೆಸರು ಹೇಳದ ಹೋದ ಅಣ್ಣಾರಿಗೆ ಶರಣು

ಮುನಿರಾಬಾದ್ ಕಡೆ, ತುಂಗಭದ್ರಾ ಹಿನ್ನೀರಿನ ದಂಡ್ಯಾಗ ಸಂಜಿಮುಂದ ಟೆಸ್ಟರ್ ಹಿಡಕೊಂಡು ನಮ್ಮ ದೋಣಿ ಹತ್ತಿದ ಅಣ್ಣಾರ, ನಿಮಗ ಶರಣು.

ಗಳದ ತುದಿಯ ಎಲ್‌ಇಡಿ ಕಣ್ಣು ಕುಕ್ಕತಿತ್ತು, ಕತ್ತಲಾಗ ಮೀನಿನ ಬಲಿಯ ಬೆಂಡು ಕಾಣತಿರಲಿಲ್ಲ. ನೀವು 12 ವೋಲ್ಟ್ ಬ್ಯಾಟರಿಗೆ ಬೆಳಕು ಮಂದ ಮಾಡೋ ಪಿಡಬ್ಲ್ಯೂಎಂ ಡಿಮ್ಮರ್ ಕೂಡಿಸಿದ್ರಿ. ಕರೆಂಟ್ ತಡಿಯೋ ರೆಸಿಸ್ಟರ್ ಹಾಕಿದ್ರ ಬ್ಯಾಟರಿ ಚಾರ್ಜು ಬರೇ ಬಿಸಿಯಾಗಿ ದಂಡ ಆಗತೈತಿ, ಇದಾದ್ರ ಲೈಟನ್ನ ಸೆಕೆಂಡಿಗೆ ನೂರಾರು ಸಲ ಆರಿಸಿ ಹಚ್ಚತೈತಿ, ಕಣ್ಣಿಗೆ ಮಂದ ಕಾಣತೈತಿ ಅಂದ್ರಿ. ಬ್ಯಾಟರಿ ಬಾಜೂಕ ಪ್ಲಸ್ ವಾಯರಿಗೆ ಫ್ಯೂಸ್.

ನನಗ ಭಾಳ ಹಿಡಿಸಿದ್ದು ಗಳದ ಮ್ಯಾಲಿನ ಕೆಲಸ. ವಾಯರನ್ನ ಹೋಲ್ಡರಿನ ಕೆಳಗ ಜೋತುಬಿಟ್ಟು, ತಿರುಗಿ ಮ್ಯಾಲ ತಂದು ಸೇರಿಸಿದ್ರಿ. ಮಳಿನೀರು ಆ ಬಾಗಿನಾಗ ತೊಟ್ಟಿಕ್ಕಿ ಬೀಳತೈತಿ, ಹೋಲ್ಡರಿನೊಳಗ ಹೋಗಂಗಿಲ್ಲ. (ಅಂಗಡ್ಯಾವರು ಇದನ್ನ ಯಾಕ ಹೇಳಂಗಿಲ್ಲೋ!)

ಬ್ಯಾರೆ ದೋಣಿ ಬಂದ್ರ ಲೈಟ್ ಫುಲ್ ಇಡ್ರಿ ಅಂದಿದ್ರಿ, ಹಂಗ ಮಾಡತೀವಿ. ಚಾ ಸುದ್ದಾ ಕುಡೀಲಿಲ್ಲ ನೀವು. ಮತ್ತ ಈ ಕಡೆ ಬಂದ್ರ ಮೀನಿನ ಊಟ ನಮ್ಮನ್ಯಾಗ.